ತಂತಿಗೆ ಮಾತು ಕೇಳಿಸಲ್ಲ

ನಾನು ಮೊದಲ ಸಲ ಮನೆ ಬಿಟ್ಟು ಹೋದದ್ದು ಒಂದು ಮಂಗಳವಾರ. ಏಳನೇ ಕ್ಲಾಸು. ಮೇಷ್ಟ್ರು ಹಾಜರಿ ಕರೀತಿದ್ದರು. ನನ್ನ ಹೆಸರು ಬಂತು, "ಬಂದಿದೀನಿ ಸಾರ್" ಅಂದೆ. ಅವರು ತಲೆ ಬಗ್ಗಿಸಿ ಗುರುತು ಹಾಕೋಷ್ಟರಲ್ಲಿ ಹಿಂದಿನ ಬಾಗಿಲಿಂದ ಹೊರಟುಬಿಟ್ಟೆ. ಆ ಪುಸ್ತಕದ ಪ್ರಕಾರ ನಾನು ಇವತ್ತಿಗೂ ಅದೇ ಬೆಂಚಿನ ಮೇಲೆ ಕೂತಿದೀನಿ.

ಅಲ್ಲಿಂದ ಮುಂದೆ ಕಾಲು ಒಂದು ಕಡೆ ನಿಂತಿಲ್ಲ. ಲಾರಿ ಕ್ಲೀನರ್ ಆದೆ, ಪೈಂಟರ್ ಹಿಂದೆ ಏಣಿ ಹೊತ್ತೆ, ಶಾಮಿಯಾನ ಕಟ್ಟಿದೆ. ಎಲ್ಲೇ ಹೋಗಲಿ, ತಿರುಗಿ ಬಂದಾಗ ತಟ್ಟೋ ಬಾಗಿಲು ಮಾತ್ರ ಒಂದೇ. ದೊಡ್ಡಮ್ಮನ ಮಗನದು. ಅಣ್ಣ ಅಂತೀನಿ. ಫೋಟೋಗೆ ಕಟ್ಟು ಹಾಕೋ ಅಂಗಡಿಯಲ್ಲಿ ಗಾಜು ಕತ್ತರಿಸೋದು ಅವನ ಕೆಲಸ. ಎಲ್ಲಿ ಹಾಳಾಗಿ ಹೋಗಿದ್ದೆ, ಈಗ ಯಾಕೆ ಬಂದೆ ಅಂತ ಒಂದು ದಿನವೂ ಕೇಳಿದವನಲ್ಲ. ಬಾಗಿಲು ತೆಗೀತಾನೆ, "ಚಾಪೆ ಅಲ್ಲೇ ಇದೆ" ಅಂತಾನೆ, ಹೋಗಿ ಮಲಗ್ತಾನೆ. ಈ ಭೂಮಿ ಮೇಲೆ ನಾನು ಪೂರ್ತಿ ನಂಬಿದ್ದು ಅವನೊಬ್ಬನನ್ನ. ಇದನ್ನ ಮೊದಲೇ ಬರೆದಿಡ್ತೀನಿ. ಮುಂದೆ ಬರೆಯೋಕೆ ಮನಸ್ಸು ಬರುತ್ತೋ ಇಲ್ವೋ.

ಈ ಸಲ ಬಂದದ್ದು ಕೊನೇ ಬಸ್ಸಿಗೆ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ನನ್ನ ಚಪ್ಪಲಿ ಸದ್ದು ನನಗೇ ಬೇಸರ… ಪಟ್, ಪಟ್, ಪಟ್.

ಅಣ್ಣನ ಬೀದಿ ತಿರುವಿನಲ್ಲಿ ಒಂದು ಹಳೇ ಬಾವಿ ಇದೆ. ನೀರು ಸೇದೋರು ಯಾರೂ ಇಲ್ಲ. ಮೇಲೆ ಮರದ ಮುಚ್ಚಳ, ಪಕ್ಕಕ್ಕೆ ಸಿಮೆಂಟ್ ಬೆಂಚು. ಆ ಮುಚ್ಚಳ ಮಾಡಿದವನು ಒಬ್ಬ ಬಡಗಿ, ಅಣ್ಣನ ಜೀವದ ಗೆಳೆಯ. ಎಲ್ಲರೂ ಅವನನ್ನ ಉಳಿ ಅಂತಲೇ ಕರೆಯೋದು. ಬೆಂಚಿನ ಮೇಲೆ ಯಾರೋ ಕೂತಿದ್ದರು. ತೊಡೆ ಮೇಲೆ ಗಿಟಾರ್ ಚೀಲ. ಬಗ್ಗಿದ ಕತ್ತು ನೋಡಿಯೇ ಗುರುತು ಹಿಡಿದೆ.

"ಉಳಿ… ಏನೋ ಇಷ್ಟು ಹೊತ್ತಲ್ಲಿ?"

ತಲೆ ಎತ್ತಲಿಲ್ಲ. ಅಂಗೈಯಿಂದ ಎದೆ ಉಜ್ಜಿಕೊಳ್ತಿದ್ದ. ಅಂಗಿ ಮೇಲೆ ಒಣ ಅಂಗೈ… ಸರ್… ಸರ್…

"ಅಣ್ಣ ಮನೇಲಿದಾನಾ?"

"ಇದಾನೆ." ಪಿಸುಮಾತು. "ಫೋನ್ ಎತ್ತಲ್ಲ."

"ನಿದ್ದೆ ಹೊಡೀತಿರಬೇಕು. ಬಾ, ಹೋಗಿ ಎಬ್ಬಿಸೋಣ."

"ನೀನು ನಡಿ."

ನಡೆದೆ. ತಿರುಗಿ ನೋಡಲಿಲ್ಲ. ಯಾಕೆ ನೋಡಬೇಕಿತ್ತು? ಗುರುತಿನವನು.

ಅಣ್ಣ ಬಾಗಿಲು ತೆಗೆದ. "ಚಾಪೆ ಅಲ್ಲೇ ಇದೆ."

"ಇರಲಿ. ನಿನ್ನ ಗೆಳೆಯ ಬಾವಿ ಹತ್ರ ಮುಖ ಊದಿಸಿಕೊಂಡು ಕೂತಿದಾನೆ. ಫೋನ್ ಎತ್ತಲ್ವಂತೆ ನೀನು. ದೊಡ್ಡ ಮನುಷ್ಯ ಆಗಿಬಿಟ್ಟೆ ಬಿಡು."

ಅಣ್ಣನ ಕೈ ಚಿಲಕದ ಮೇಲೇ ನಿಂತಿತು.

"ಯಾವ ಗೆಳೆಯ?"

"ಎಷ್ಟು ಜನ ಇದಾರೆ ನಿನಗೆ? ಉಳಿ ಕಣೋ."

"ಉಳಿ ಹೋಗಿ ನಾಲ್ಕು ತಿಂಗಳಾಯ್ತು," ಅಂದ ಅಣ್ಣ. "ಸತ್ತುಹೋದ."

ನಾನು ನಕ್ಕೆ. ಅವನು ನಗಲಿಲ್ಲ.

ಅಣ್ಣ ಹೇಳಿದ್ದಿಷ್ಟು. ಒಂದು ರಾತ್ರಿ ಇಬ್ಬರೂ ಇಲ್ಲೇ ಕೂತು ಒಂದು ಹಾಡು ರೆಕಾರ್ಡ್ ಮಾಡಿದರು. ಉಳಿ ಗಿಟಾರ್ ಹೆಗಲಿಗೆ ಹಾಕಿಕೊಂಡು ಹೊರಟ. ಬಾವಿ ತನಕ ಹೋದ, ಬೆಂಚಿನ ಮೇಲೆ ಕೂತ. ಎದೆ ನಿಂತುಹೋಯ್ತು. ಬೆಳಗ್ಗೆ ಪೇಪರ್ ಹಾಕೋನು ನೋಡಿದಾಗಲೂ ಗಿಟಾರ್ ತೊಡೆ ಮೇಲೇ ಇತ್ತಂತೆ.

"ನಿನಗೆ ತಿಳಿಸೋಣ ಅಂದ್ರೆ ನಿನ್ನ ಹತ್ರ ಫೋನ್ ಎಲ್ಲಿದೆ?"

ನಿಜ. ನಾನು ಫೋನ್ ಇಟ್ಟುಕೊಳ್ಳಲ್ಲ. ಇಟ್ಟುಕೊಂಡರೆ ಜನ ಕರೀತಾರೆ.

"ಹಾಗಾದ್ರೆ… ಫೋನ್ ಎತ್ತಲ್ಲ ಅಂದಿದ್ದು?"

ಅಣ್ಣ ಬಚ್ಚಲಿಗೆ ಹೋದ. ನಲ್ಲಿ ಸುರಿಯೋ ಸದ್ದು ತುಂಬ ಹೊತ್ತು. ಹೊರಗೆ ಬಂದು ಮುಖ ಒರೆಸಿಕೊಳ್ತಾ ಹೇಳಿದ: "ಆವತ್ತು ಅವನು ನನಗೆ ಮೂರು ಸಲ ಫೋನ್ ಮಾಡಿದಾನೆ. ಅವನ ಫೋನಲ್ಲಿ ಇತ್ತು, ಅವರಕ್ಕ ನೋಡಿದಳು. ನಾನು ಫೋನ್ ಆಫ್ ಮಾಡಿ ಮಲಗಿಬಿಟ್ಟಿದ್ದೆ ಕಣೋ. ಅವಳಿಗೂ ಅದನ್ನೇ ಹೇಳಿದೆ."

ಪಾಪ ಅನಿಸಿತು. ಅವನ ಬೆನ್ನ ಮೇಲೆ ಕೈ ಇಟ್ಟೆ. ಬೆಂಚಿನ ಮೇಲೆ ನಾನು ಕಂಡದ್ದು ಬಸ್ಸಿನ ನಿದ್ದೆಗಣ್ಣು ಅಂತ ಇಬ್ಬರೂ ಒಪ್ಪಿಕೊಂಡೆವು.

ಉಳಿಯ ಅಕ್ಕ ಅದೇ ಬೀದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದಾಳೆ. ಅಪ್ಪ ಅಮ್ಮ ಹೋದ ಮೇಲೆ ತಮ್ಮನನ್ನ ಸಾಕಿದವಳು ಅವಳೇ. ಮಾರನೇ ದಿನ ಮಾತಾಡಿಸೋಕೆ ಹೋದೆ. ಅಳಲಿಲ್ಲ. ಅಂಗಿ ಕಾಲರ್ ಮೇಲೆ ಇಸ್ತ್ರಿ ಒತ್ತುತ್ತಾ ಒಂದೇ ಮಾತು ಕೇಳಿದಳು.

"ಆವತ್ತು ರಾತ್ರಿ ನುಡಿಸಿದ್ದು ಇದೆಯೇನೋ? ಬದುಕಿದ್ದಾಗ 'ಸಾಕು ನಿಲ್ಸೋ, ತಲೆನೋವು' ಅಂತಿದ್ದೆ. ಈಗ ಒಂದೇ ಒಂದು ಸಲ ಕೇಳಬೇಕು. ನಿಮ್ಮಣ್ಣ ಅಳಿಸಿಹೋಯ್ತು ಅಂತಾನೆ."

"ಅಳಿಸಿಹೋಗಿರುತ್ತೆ ಅಕ್ಕ. ಅವನು ರೆಕಾರ್ಡ್ ಮಾಡೋ ಟ್ಯಾಬ್‌ನಲ್ಲಿ ಜಾಗವೇ ಇಲ್ಲ."

"ನಿಜವಾಗ್ಲೂ?"

"ನನ್ನಾಣೆ. ನಮ್ಮಣ್ಣ ಸುಳ್ಳು ಹೇಳಲ್ಲ."

ಹಾಗಂದೆ. ಎದೆ ಮುಟ್ಟಿ ಅಂದೆ.

ರೆಕಾರ್ಡಿಂಗ್ ಅಂದರೆ ದೊಡ್ಡ ಸ್ಟುಡಿಯೋ ಅಲ್ಲ. ಅಣ್ಣನ ಮಂಚ, ಒಂದು ಸ್ಟೂಲು, ಮೂಲೆ ಒಡೆದ ಒಂದು ಟ್ಯಾಬ್. ಗಿಟಾರಿಂದ ಒಂದು ವೈರು ಬರುತ್ತೆ, ಸಾಬೂನು ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆಗೆ. ಪೆಟ್ಟಿಗೆಯಿಂದ ಇನ್ನೊಂದು ವೈರು ಟ್ಯಾಬ್‌ಗೆ. ಇಬ್ಬರು ನುಡಿಸಿದರೆ ಎರಡು ವೈರು. ಮೈಕ್ ಇಲ್ಲ. ಹೊರಗಿಂದ ಕೇಳಿದರೆ ತಂತಿ ಬರೀ ಟಿಣ್ ಟಿಣ್ ಅನ್ನುತ್ತೆ; ಹೆಡ್‌ಫೋನ್ ಹಾಕಿಕೊಂಡರೆ ಅದೇ ತಂತಿ ಹುಲಿ ಹಾಗೆ ಗುರುಗುಟ್ಟುತ್ತೆ.

"ಪಕ್ಕದಲ್ಲಿ ನಿಂತು ಬೊಬ್ಬೆ ಹೊಡಿ, ಟ್ಯಾಬ್‌ಗೆ ಕೇಳಲ್ಲ," ಅಂತಿದ್ದ ಅಣ್ಣ. "ತಂತಿ ಅಲುಗಿದ್ದು ಮಾತ್ರ ಕೇಳುತ್ತೆ. ತಂತಿಗೆ ಮಾತು ಕೇಳಿಸಲ್ಲ."

ಊರೂರು ತಿರುಗಿ ನುಡಿಸೋ ಒಂದು ತಂಡಕ್ಕೆ ಗಿಟಾರಿನವನು ಬೇಕಾಗಿತ್ತು. ಅಣ್ಣನದು ದಿನಾ ಸಂಜೆ ಅದಕ್ಕೇ ಅಭ್ಯಾಸ. ನಾನು ಹೆಡ್‌ಫೋನ್ ಹಾಕಿ ಗುಂಡಿ ಒತ್ತೋನು. ಅವನು ಒಂದೇ ಜಾಗಕ್ಕೆ ಬಂದು ಸಿಕ್ಕಿಹಾಕಿಕೊಳ್ತಿದ್ದ. ಉಳಿಯ ಎಡಗೈ ಉಂಗುರದ ಬೆರಳು ಅರ್ಧವೇ ಇತ್ತು, ಉಳಿದರ್ಧ ಗರಗಸಕ್ಕೆ ಹೋಗಿತ್ತು. ಅದಕ್ಕೇ ಅವನು ಆ ಬೆರಳಿನ ಸ್ವರಕ್ಕೆ ನಡುಬೆರಳನ್ನೇ ಜಾರಿಸಿಕೊಂಡು ಹೋಗ್ತಿದ್ದ. ಸುಂಯ್ಯ್… ಅಂತ ಒಂದು ಸದ್ದು, ಯಾರೋ ನಿದ್ದೆಯಲ್ಲಿ ಉಸಿರು ಎಳೆದ ಹಾಗೆ. ಅಣ್ಣನಿಗೆ ಬೇಕಾಗಿದ್ದು ಅದೇ. ಐದೂ ಬೆರಳು ಗಟ್ಟಿಯಾಗಿರೋ ಅವನಿಗೆ ಅದು ಬರ್ತಿರಲಿಲ್ಲ.

ಮೂರನೇ ದಿನ ಹೆಡ್‌ಫೋನಿನಲ್ಲಿ ಕೇಳಿಸಿತು.

ಟ್ರಿಡಿಕ್… ಟ್ರಿಡಿಕ್… ಟ್ರಿಡಿಕ್… ಝರ್ರ್…

"ಅಣ್ಣ, ನಿಲ್ಸು. ಏನೋ ಕಿರಿಕಿರಿ."

ಹೆಡ್‌ಫೋನ್ ತಗೊಂಡು ಕೇಳಿದ. ಮುಖ ಸುಣ್ಣ ಆಯ್ತು. "ಫೋನ್ ಬರೋ ಮುಂಚೆ ಹೀಗಾಗುತ್ತೆ. ಹಳೇ ಫೋನ್ ಗಿಟಾರ್ ಹತ್ರ ಇದ್ದರೆ ವೈರು ಎಳೆದುಕೊಳ್ಳುತ್ತೆ."

ಇಬ್ಬರೂ ಅವನ ಫೋನ್ ನೋಡಿದೆವು. ಯಾವ ಕರೆಯೂ ಬಂದಿರಲಿಲ್ಲ.

ಆವತ್ತು ಆ ಸದ್ದು ಮೂರು ಸಲ. ಮಾರನೇ ದಿನವೂ ಮೂರು ಸಲ. ಅಣ್ಣ ವೈರು ಬದಲಾಯಿಸಿದ. ಫೋನನ್ನ ತಾರಸಿ ಮೇಲೆ ನೀರಿನ ಟ್ಯಾಂಕ್ ಪಕ್ಕ ಇಟ್ಟು ಬಂದ. ಮೂರು ಸಲ. ಕೊನೆಗೆ ಸಿಮ್ ಕಿತ್ತು ಕತ್ತರಿಯಲ್ಲಿ ಎರಡು ತುಂಡು ಮಾಡಿದ. ಫೋನ್ ಆಫ್ ಮಾಡಿ ನನ್ನ ಕೈಗೆ ತುರುಕಿದ.

"ನಿನ್ನ ಚೀಲದಲ್ಲಿ ಹಾಕಿಕೋ. ನನ್ನ ಕಣ್ಣಿಗೆ ಬೀಳೋದು ಬೇಡ."

"ಹೊಸ ಸಿಮ್ ಹಾಕ್ಕೋ. ಅಂಗಡಿಯವರು ಕರೆಯೋದು ಹೇಗೆ?"

"ನಿನ್ನ ಥರ ಇರ್ತೀನಿ ಬಿಡೋ ಸ್ವಲ್ಪ ದಿನ."

ಆ ಫೋನ್ ನನ್ನ ಚೀಲದ ಪಕ್ಕದ ಜೇಬಿಗೆ ಹೋಯ್ತು. ಜಿಪ್ ಎಳೆದವನು ನಾನೇ. ಮಾರನೇ ಸಂಜೆ ಹೆಡ್‌ಫೋನ್ ಹಾಕಿದೆ… ಟ್ರಿಡಿಕ್… ಟ್ರಿಡಿಕ್… ಟ್ರಿಡಿಕ್.

ಪೆಟ್ಟಿಗೆ ಕೆಟ್ಟಿರಬೇಕು ಅಂದೆ. ಅಣ್ಣ "ಹೂಂ" ಅಂದ. ಪೆಟ್ಟಿಗೆ ಕಡೆ ನೋಡಲಿಲ್ಲ, ಬಾಗಿಲ ಕಡೆ ನೋಡಿದ.

ಒಂದು ಬೆಳಗ್ಗೆ ಕೆಲಸಕ್ಕೆ ಹೊರಟವನು ಚಪ್ಪಲಿ ಮೆಟ್ಟುತ್ತಾ ಹೇಳಿದ, "ಟ್ಯಾಬ್ ತುಂಬಿಹೋಗಿದೆ. ಈ ವಾರದ್ದು ಹಾಳಾಗಿದ್ದೆಲ್ಲ ಅಳಿಸಿಬಿಡು."

ನಾನು ಸೋಮಾರಿ. ಒಂದೊಂದಾಗಿ ಯಾರು ನೋಡ್ತಾರೆ? ಯಾವುದು ಜಾಸ್ತಿ ಜಾಗ ತಿಂದಿದೆ ಅದನ್ನ ಮೊದಲು ಹುಡುಕಿದೆ. ಹೆಸರಿಲ್ಲದ್ದು ಒಂದು ಸಿಕ್ಕಿತು. ನಾಲ್ಕು ತಿಂಗಳ ಹಿಂದಿನದು. ಒಂದು ಗಂಟೆ ಒಂಬತ್ತು ನಿಮಿಷ.

ಹೆಡ್‌ಫೋನ್ ಹಾಕಿದೆ.

ಎರಡು ಗಿಟಾರ್. ಮೂರು ನಿಮಿಷ ನಲವತ್ತು ಸೆಕೆಂಡಿನ ಹಾಡು. ನಡುವೆ ನಾಲ್ಕು ಕಡೆ ಆ ಸುಂಯ್ಯ್… ಉಳಿಯೇ. ಅಳಿಸಿಹೋಯ್ತು ಅಂದಿದ್ದು ಇದೇ! ಎದ್ದು ಇಸ್ತ್ರಿ ಅಂಗಡಿಗೆ ಓಡಬೇಕು ಅನಿಸಿತು. ಆದರೆ ಹಾಡು ಮುಗಿದರೂ ರೆಕಾರ್ಡಿಂಗ್ ಮುಗಿದಿರಲಿಲ್ಲ. ನಿಲ್ಲಿಸೋ ಗುಂಡಿ ಒತ್ತೋಕೆ ಮರೆತಿದ್ದರು.

ಆರನೇ ನಿಮಿಷಕ್ಕೆ… ಪಟ್. ಉಳಿ ತನ್ನ ವೈರು ಕಿತ್ತದ್ದು. ಹೊರಟ. ಅಣ್ಣನ ಗಿಟಾರ್ ಮಾತ್ರ ಮಂಚದ ಮೇಲೆ, ವೈರು ಹಾಗೇ. ಬರೀ ಝೂಂ ಅನ್ನೋ ಗುಂಗು.

ಇಪ್ಪತ್ತೆಂಟನೇ ನಿಮಿಷ. ಟ್ರಿಡಿಕ್… ಟ್ರಿಡಿಕ್… ಟ್ರಿಡಿಕ್… ಮಂಚದ ಮೇಲೆ ಫೋನ್ ಅದುರಿ, ತಂತಿಗಳೂ ಸಣ್ಣಗೆ ಮಿಡಿದವು. ನಿಂತಿತು.

ಮೂವತ್ತೊಂದನೇ ನಿಮಿಷ. ಮತ್ತೆ.

ಮೂವತ್ತೇಳನೇ ನಿಮಿಷ. ಮತ್ತೆ. ಈ ಸಲ ತಂತಿ ಮಿಡಿಯೋ ಹೊತ್ತಿಗೆ… ತಪ್. ಯಾರೋ ಅಂಗೈ ಇಟ್ಟು ತಂತಿಗಳನ್ನ ಸುಮ್ಮನಾಗಿಸಿದರು.

ಆಫ್ ಮಾಡಿದ ಫೋನು ಅದುರಲ್ಲ. ಮಲಗಿದ ಮನುಷ್ಯ ತಂತಿ ಮೇಲೆ ಕೈ ಇಡಲ್ಲ.

ನಲವತ್ತೊಂದನೇ ನಿಮಿಷಕ್ಕೆ ಗಿಟಾರ್ ಶುರುವಾಯ್ತು. ಒಬ್ಬನೇ. ಸುಂ… ತಪ್ಪಿತು. ಸುಂಯ್… ತಪ್ಪಿತು. ಅದೇ ಜಾರಿಕೆ. ಅಭ್ಯಾಸ. ಆ ಹೊತ್ತಿಗೆ ಉಳಿ ಬೆಂಚಿನ ಮೇಲೆ ಎದೆ ಉಜ್ಜಿಕೊಳ್ತಿದ್ದ… ಸರ್… ಸರ್… ಕೊನೇ ತನಕ, ಒಂದು ಗಂಟೆ ಒಂಬತ್ತು ನಿಮಿಷದ ತನಕ, ಅವನ ಜಾರಿಕೆಯನ್ನ ಇವನು ಇಲ್ಲಿ ಕೂತು ಕಲೀತಿದ್ದ.

ಸಂಜೆ ಅಣ್ಣ ಬಂದು ಕೈಗೆ ಮೆತ್ತಿದ ಗಾಜಿನ ಪುಡಿ ತೊಳೀತಿದ್ದ. ನಾನು ಹಿಂದೆ ನಿಂತೆ.

"ಫೋನ್ ಆಫ್ ಇತ್ತು ಅಂದೆ."

ನೀರು ಬೀಳ್ತಾನೇ ಇತ್ತು.

"ಅಣ್ಣ. ನಿನ್ನನ್ನೇ ಕೇಳ್ತಿರೋದು."

"ತಂಡದವರು ಒಬ್ಬ ಸಾಕು ಅಂದ್ರು," ಅಂದ, ತಿರುಗದೆ. "ಆ ಸುಂಯ್ ಅಂತ ನುಡಿಸ್ತಾನಲ್ಲ, ಅವನು ಸಾಕು ಅಂದ್ರು. ಗಿಟಾರ್ ಹಿಡಿಯೋದು ಅವನಿಗೆ ಕಲಿಸಿದವನು ನಾನು ಕಣೋ. ಆವತ್ತು ಹಾಡು ಮುಗಿದ ಮೇಲೆ ಹೇಳಿದ, ನಾನು ಹೋಗ್ತಿದೀನಿ ಅಂತ. ಮಾತಿಗೆ ಮಾತು ಬೆಳೀತು. ಎದೆನೋವು ಅಂತ ನನಗೇನು ಕನಸಾ? ಜಗಳ ಮುಂದುವರಿಸೋಕೆ ಫೋನ್ ಮಾಡ್ತಿದಾನೆ ಅಂದ್ಕೊಂಡೆ."

"ಮೂರನೇ ಸಲ?"

ನಲ್ಲಿ ನಿಲ್ಲಿಸಿದ.

"ಮೂರನೇ ಸಲ… ಎಷ್ಟು ಸಲ ಮಾಡ್ತಾನೋ ನೋಡೋಣ ಅಂದ್ಕೊಂಡೆ."

ನಾನು ಗೋಡೆಗೆ ಒರಗಿದೆ.

"ಹಾಡಿನ ಭಾಗ ಕತ್ತರಿಸಿ ಅಕ್ಕನಿಗೆ ಕೇಳಿಸು," ಅಂದ. "ಎಲ್ಲೋ ಮೂಲೆಯಲ್ಲಿ ಸಿಕ್ತು ಅನ್ನು. ಉಳಿದದ್ದು ಅಳಿಸಿಬಿಡು. ನನಗೆ ಕೈ ಬರ್ತಿಲ್ಲ. ಅದು ಕೇಳಿ ಅವಳಿಗೆ ಸಿಗೋದಾದರೂ ಏನು? ನನಗೋಸ್ಕರ ಇದೊಂದು ಮಾಡೋ."

ಆಗಲ್ಲ ಅನ್ನಬಹುದಿತ್ತು. ಕಣ್ಣ ಮುಂದೆ ಬಂದದ್ದು ಆ ಚಾಪೆ. ಎಷ್ಟು ವರ್ಷ, ಎಷ್ಟು ರಾತ್ರಿ, ಒಂದು ಪ್ರಶ್ನೆ ಕೇಳದೆ ಹಾಸಿಟ್ಟ ಚಾಪೆ. ಕತ್ತರಿಸಿದೆ. ಮೂರು ನಿಮಿಷ ನಲವತ್ತು ಸೆಕೆಂಡ್ ಉಳಿಸಿಕೊಂಡು, ಮಿಕ್ಕಿದ್ದೆಲ್ಲ ಅಳಿಸಿದೆ. ಖಾತ್ರಿಯಾ ಅಂತ ಟ್ಯಾಬ್ ಕೇಳಿತು. ಹೌದು ಅಂತ ಒತ್ತಿದ್ದು ನನ್ನ ಬೆರಳು.

ಇವತ್ತು ಮಧ್ಯಾಹ್ನ ಟ್ಯಾಬ್ ಹಿಡಿದು ಇಸ್ತ್ರಿ ಅಂಗಡಿಗೆ ಹೋದೆ.

"ಅಕ್ಕ, ಸಿಕ್ತು."

ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಿದಳು. ಕೈ ಒರೆಸಿಕೊಂಡಳು. ಹೆಡ್‌ಫೋನ್ ನಾನೇ ಹಾಕಿದೆ. ಹಾಡು ಶುರುವಾಗಿ ಒಂದು ನಿಮಿಷಕ್ಕೆ ಅವಳ ಬಾಯಿ ಅಗಲ ಆಯ್ತು.

"ಅವನೇ ಕಣೋ! ಆ ಸುಂಯ್ಯ್… ಅರ್ಧ ಬೆರಳಿನ ಕಳ್ಳ!" ಹೆಡ್‌ಫೋನ್ ಹಾಕಿಕೊಂಡವರೆಲ್ಲ ಕೂಗೋ ಹಾಗೆ ಜೋರಾಗಿ ಕೂಗಿದಳು. ಎದುರಿನ ಅಂಗಡಿಯವನು ತಿರುಗಿ ನೋಡಿದ. ಅವಳು ನಗ್ತಿದ್ದಳು, ಕಣ್ಣಿಂದ ನೀರು ಇಳೀತಿತ್ತು.

ಹಾಡು ಮುಗೀತು. ಟ್ಯಾಬ್ ಮೇಲೆ ಹಾಡಿನ ಜೊತೆ ಓಡೋ ಗೆರೆ ಕೊನೆ ಮುಟ್ಟಿ ನಿಂತದ್ದನ್ನ ನಾನು ನೋಡಿದೆ. ಹೆಡ್‌ಫೋನ್ ತೆಗೆಯೋಕೆ ಕೈ ಚಾಚಿದೆ. ಅವಳು ನನ್ನ ಕೈ ತಡೆದಳು.

"ಇರು. ಇನ್ನೂ ಇದೆ."

"ಮುಗೀತು ಅಕ್ಕ."

"ಶ್… ಇದು… ಫೋನ್ ಬರೋ ಮುಂಚೆ ನಮ್ಮ ರೇಡಿಯೋ ಮಾಡುತ್ತಲ್ಲ, ಆ ಸದ್ದು."

ಒಂದು ಕಡೆಯ ಹೆಡ್‌ಫೋನ್ ಎಳೆದು ನನ್ನ ಕಿವಿಗೆ ಒತ್ತಿಕೊಂಡೆ. ಟ್ಯಾಬ್‌ನಲ್ಲಿ ಗೆರೆ ನಿಂತಿದೆ. ಕಿವಿಯಲ್ಲಿ… ಟ್ರಿಡಿಕ್… ಟ್ರಿಡಿಕ್… ಟ್ರಿಡಿಕ್…

ಒಂದು. ಅವಳು ಬೆರಳು ಮಡಚಿದಳು. ಎರಡು. ಮೂರು.

ತಪ್.

ಆಮೇಲೆ ಗಿಟಾರ್. ಸುಂ… ತಪ್ಪಿತು. ಸುಂಯ್… ತಪ್ಪಿತು.

"ಇದು ಯಾರು ಕಲೀತಿರೋದು?" ಅಂದಳು. ಸ್ವಲ್ಪ ಹೊತ್ತು ಕೇಳಿದಳು. ಮುಖದ ನಗು ಎಲ್ಲಿ ಇಳೀತೋ ನನಗೆ ಕಾಣಲಿಲ್ಲ. "ಇವನಿಗೆ ಐದೂ ಬೆರಳಿದೆ."

ಎದುರಿನ ರಸ್ತೆಯಲ್ಲಿ ಒಂದು ಆಟೋ ಹೋಯ್ತು.

"ನಿನಗೆ ಗೊತ್ತಿತ್ತಾ?"

ಇಲ್ಲ ಅನ್ನಬೇಕಿತ್ತು. "ಆ ಭಾಗ ಕತ್ತರಿಸಿ ತಂದಿದ್ದೆ ಅಕ್ಕ… ಅದು ಇದರಲ್ಲಿ ಇಲ್ಲ. ನಾನೇ ಅಳಿಸಿದೆ."

ಹೇಗೆ ಕೇಳಿಸಿತು ಅಂತ ಅವಳು ಕೇಳಲಿಲ್ಲ. ಹೆಡ್‌ಫೋನ್ ತೆಗೆದು ಟ್ಯಾಬ್ ಮೇಲೆ ಇಟ್ಟಳು. ಯಾರದೋ ಬಟ್ಟೆ ಇವಳ ಗಂಟಿಗೆ ಬಂದಿದ್ದರೆ ಹೇಗೆ ತಳ್ತಾಳೋ, ಹಾಗೆ ಎರಡೂ ಕೈಯಲ್ಲಿ ನನ್ನ ಕಡೆ ತಳ್ಳಿದಳು.

"ನಿಮ್ಮಣ್ಣ ತನ್ನ ಮಾನ ಉಳಿಸಿಕೊಂಡ, ಹೋಗಲಿ. ನೀನು ಇವತ್ತು ಇದ್ದು ನಾಳೆ ಹೋಗೋನು. ನಿನಗೆ ಇಲ್ಲಿ ಯಾರ ಹಂಗಿತ್ತು? ನೀನಾದರೂ ಹೇಳ್ತೀಯ ಅಂದ್ಕೊಂಡಿದ್ದೆ."

ಅಷ್ಟೇ. ಇಸ್ತ್ರಿ ಎತ್ತಿಕೊಂಡಳು. ನೀರು ಚಿಮುಕಿಸಿದ ಬಟ್ಟೆ ಮೇಲೆ ಅದು ಚುಸ್ ಅಂತು.

ರಾತ್ರಿ ಅಣ್ಣ ಕೇಳಿದ, "ಕೇಳಿಸಿದ್ಯಾ?"

"ಪೂರ್ತಿ ಕೇಳಿದಳು."

ಪೂರ್ತಿ ಅಂದರೆ ಎಷ್ಟು ಅಂತ ಅವನು ಕೇಳಲಿಲ್ಲ. ಮಂಚದ ಮೇಲೆ ಕೂತು ವೈರು ಹಾಕಿದ, ರೆಕಾರ್ಡ್ ಒತ್ತಿದ. ನಾನು ಗೋಡೆ ಕಡೆ ಮುಖ ಮಾಡಿ ಚಾಪೆ ಮೇಲೆ ಬಿದ್ದುಕೊಂಡೆ. ಬೆನ್ನ ಹಿಂದೆ ಟಿಣ್… ಟಿಣ್… ಆಮೇಲೆ ಅದೂ ನಿಂತಿತು.

ಆಮೇಲೆ ಅಣ್ಣನ ಪಿಸುಮಾತು.

"ಹೇಳು."

…

"ಹೂಂ."

…

"ಹೂಂ… ಹೂಂ."

ತಿರುಗೋಕೆ ನನಗೆ ಧೈರ್ಯ ಬರಲಿಲ್ಲ. ಮಂಚ ಕಿರ್ರ್ ಅಂತು. ಒಂದೇ ಗಳಿಗೆಗೆ ಗೊರಕೆ. ನಾನು ಬಂದ ದಿನದಿಂದ ಅವನು ಗೊರಕೆ ಹೊಡೆದದ್ದು ಇವತ್ತೇ ಮೊದಲು. ಚಿಕ್ಕ ಮಗು ಹಾಗೆ ನಿದ್ದೆ.

ಎದ್ದು ಟ್ಯಾಬ್ ನಿಲ್ಲಿಸಿ, ಹೆಡ್‌ಫೋನ್ ಹಾಕಿ ಕೇಳಿದೆ. ಮೂರು ಸಲ ಟ್ರಿಡಿಕ್. ಅದು ಗೊತ್ತಿದ್ದದ್ದೇ. ಆಮೇಲೆ ನಾಲ್ಕನೇ ಸಲ. ಇಷ್ಟು ದಿನ ಇರದಿದ್ದದ್ದು. ಅದರ ಬೆನ್ನಿಗೇ ಬಿಡದೆ ಬರೋ ಒಂದು ಗುರ್ರ್… ಅನ್ನೋ ಸದ್ದು. ಫೋನ್ ಎತ್ತಿ ಮಾತಾಡ್ತಿರುವಾಗ ಮಾತ್ರ ಬರೋ ಸದ್ದು ಅದು. ಎರಡು ನಿಮಿಷ ಹನ್ನೊಂದು ಸೆಕೆಂಡ್. ಉಳಿ ಏನು ಹೇಳಿದ ಅಂತ ನನ್ನನ್ನ ಕೇಳಬೇಡಿ. ತಂತಿಗೆ ಮಾತು ಕೇಳಿಸಲ್ಲ. ಏನೋ ಹೇಳಿದ, ಇವನಿಗೆ ನಿದ್ದೆ ಬಂತು. ಸತ್ತವನೂ ಕೊನೆಗೆ ಇವನ ಜೊತೆಯೇ ಮಾತಾಡಿ ಮುಗಿಸಿಕೊಂಡ. ಅಕ್ಕನ ಆ ಮುಖ ಮಾತ್ರ ನನ್ನ ಪಾಲಿಗೆ ಉಳೀತು.

ಚೀಲ ತುಂಬ್ತಿದೀನಿ. ಎರಡು ಅಂಗಿ, ಒಂದು ಟವಲು, ಹಲ್ಲುಜ್ಜೋ ಬ್ರಶ್ಶು. ಚಾಪೆ ಸುತ್ತಿ ಅದರ ಜಾಗದಲ್ಲಿ ನಿಲ್ಲಿಸಿದೆ. ಇನ್ನು ಅದರ ಮೇಲೆ ಮಲಗಲ್ಲ. ಮೊದಲ ಬಸ್ಸಿಗೆ ಇನ್ನೂ ಒಂದು ಗಂಟೆ ಇದೆ. ಬಾವಿ ದಾರಿ ಬಿಟ್ಟು ಸುತ್ತಿಕೊಂಡು ಹೋಗ್ತೀನಿ. ಅವನ ಫೋನ್ ಅವನಿಗೇ ಇರಲಿ ಅಂತ ಚೀಲದ ಪಕ್ಕದ ಜೇಬಿನ ಜಿಪ್ ಎಳೆದು, ಈಗಷ್ಟೇ ಹೊರಗೆ ತೆಗೆದು ಸ್ಟೂಲಿನ ಮೇಲೆ ಇಟ್ಟೆ. ಆಫ್ ಆಗಿರೋ ಫೋನು. ಸಿಮ್ ಇಲ್ಲ. ಚಾರ್ಜಿಗೆ ಹಾಕಿ ಎಷ್ಟೋ ದಿನ ಆಗಿದೆ.

ನಂಬೋರು ನಂಬಿ, ಬಿಡೋರು ಬಿಡಿ, ನನ್ನ ಅಂಗೈ ಸುಳ್ಳು ಹೇಳಲ್ಲ. ಅದು ಬಿಸಿಯಾಗಿತ್ತು. ಈಗಷ್ಟೇ ಮಾತಾಡಿ ಕೆಳಗಿಟ್ಟ ಫೋನ್ ಇರುತ್ತಲ್ಲ, ಅಷ್ಟು ಬಿಸಿ.